ಪುಟ್ಟಿಯ ಪ್ರಶ್ನೆಗೆ ದೊಡ್ಡಮ್ಮನ ಉತ್ತರ

ಪುಟ್ಟಿ, ಇವತ್ತು ಚಿತ್ರ ಸ್ಪಷ್ಟವಾಗಲು ಚುಚ್ಚುವ ಕಾಂಟ್ರಾಸ್ಟ್ ಔಷಧ ಹಾಕಿ ಸಿಟಿ ಸ್ಕ್ಯಾನ್ ಮಾಡಿದ್ದಾರೆ, ನಾಳೆ ಬೆಳಿಗ್ಗೆ ಸ್ತನ, ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆ ವಂಶದಿಂದ ಬಂದಿದೆಯೇ ಎಂದು ನೋಡುವ ಬಿಆರ್‌ಸಿಎ ವಂಶವಾಹಿ ಪರೀಕ್ಷೆಗೆ ರಕ್ತ ಕೊಡಬೇಕು, ಆ ಔಷಧದಿಂದ ವರದಿ ತಪ್ಪಾದೀತೇ ಎಂದು ನೀನು ಗುಂಪಿನಲ್ಲಿ ಕೇಳಿದ್ದನ್ನು ಈಗಷ್ಟೇ ಓದಿದೆ. ಚಿಕ್ಕಜ್ಜಿಗೂ ದೊಡ್ಡತ್ತೆಗೂ ಬಂದದ್ದನ್ನು ನೆನೆದರೆ ನಿನ್ನ ಆತಂಕ ಸಹಜ. ರಕ್ತ ತೆಗೆಯುವವರಿಗೆ ಕಾಂಟ್ರಾಸ್ಟ್ ಹಾಕಿದ ದಿನ, ಗಂಟೆ ಎರಡನ್ನೂ ತಿಳಿಸದೆ ಕೈ ಚಾಚಬೇಡ.

2004ರಲ್ಲಿ ನನ್ನ ಕಾಲಿನ ರಕ್ತನಾಳಗಳ ಎಂಆರ್‌ಐ ಬೆಳಿಗ್ಗೆ ಹತ್ತಕ್ಕೆ ಮುಗಿಯಿತು. ಮಧ್ಯಾಹ್ನ ರಕ್ತ ತೆಗೆದರು. ಸಂಜೆ ಬಂದ ವರದಿಯಲ್ಲಿ, 8.5ರ ಮೇಲಿರಬೇಕಾದ ಕ್ಯಾಲ್ಸಿಯಂ 6.2 ಎಂದಿತ್ತು. ಕೈ ಸೆಟೆದುಕೊಳ್ಳುತ್ತಿದೆಯೇ, ತುಟಿ ಜುಮ್ಮೆನ್ನುತ್ತಿದೆಯೇ ಎಂದು ಕೇಳಿದರು, ಕೆನ್ನೆಯನ್ನು ಬೆರಳಿನಿಂದ ತಟ್ಟಿ ನೋಡಿದರು. ನನಗೆ ಏನೂ ಆಗುತ್ತಿರಲಿಲ್ಲ. ಆದರೂ ನರ್ಸ್ ಕ್ಯಾಲ್ಸಿಯಂ ಇಂಜೆಕ್ಷನ್ನಿನ ಗಾಜಿನ ಕುತ್ತಿಗೆ ಮುರಿದು ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಬಂದ ಹಿರಿಯ ವೈದ್ಯರು ಕಡತ ನೋಡಿ, ಎಂಆರ್‌ಐಗೆ ಹಾಕಿದ ಕಾಂಟ್ರಾಸ್ಟ್ ಔಷಧ ಗ್ಯಾಡೋಡಯಮೈಡ್ ಎಂದು ಓದಿ, ಅವಳ ಕೈ ತಡೆದರು. ಆ ಔಷಧ ರಕ್ತದ ಕ್ಯಾಲ್ಸಿಯಂ ಅನ್ನು ಇಳಿಸುವುದಿಲ್ಲ, ಅದನ್ನು ಅಳೆಯುವ ಬಣ್ಣದ ರಾಸಾಯನಿಕಕ್ಕೆ ಅಡ್ಡಬಂದು ಸುಳ್ಳು ಅಂಕಿ ತೋರಿಸುತ್ತದೆ ಎಂದು ವಿವರಿಸಿದವರು ಅವರೇ. ಮರುದಿನ ಅದೇ ಕ್ಯಾಲ್ಸಿಯಂ 9.3 ಇತ್ತು. ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ, ಕಾಂಟ್ರಾಸ್ಟ್ ಹಾಕಿದ ದಿನ, ಗಂಟೆ ತಿಳಿಸದೆ ಕೈ ಚಾಚಬೇಡ.

ನನಗೆ ಇಂದಿಗೂ ನೋವಾಗುವುದು ಬೇರೆ ಸಂಗತಿಗೆ. ಸ್ಕ್ಯಾನ್ ಕೆಳಮಹಡಿಯಲ್ಲಿ, ಪ್ರಯೋಗಾಲಯ ಮೇಲ್ಮಹಡಿಯಲ್ಲಿ. ಒಂದೇ ಕಟ್ಟಡದ ಆ ಇಬ್ಬರೂ ಪರಸ್ಪರ ಒಂದು ಮಾತೂ ಆಡಿರಲಿಲ್ಲ. ಬಿಡುಗಡೆಯ ಪತ್ರದಲ್ಲಿ ‘ಕ್ಯಾಲ್ಸಿಯಂ ಕೊರತೆ’ ಎಂದು ಬರೆದದ್ದನ್ನು ತಿದ್ದಿಕೊಡಿ ಎಂದು ನಿನ್ನ ದೊಡ್ಡಪ್ಪ ಮೂರು ಸಲ ಹೋಗಿ ಬಂದರೂ ಯಾರೂ ತಿದ್ದಲಿಲ್ಲ. ಹೀಗಾಗಿ ಹೊಸ ವೈದ್ಯರ ಬಳಿ ಹೋದಾಗಲೆಲ್ಲ ನನಗೆ ಇಲ್ಲದ ಕಾಯಿಲೆಗೆ ಮಾತ್ರೆ ಬರೆಯುತ್ತಾರೆ.

ನೀನು ಕೇಳಿದ್ದಕ್ಕೇ ಇನ್ನೂ ಉತ್ತರಿಸಿಲ್ಲವಲ್ಲ. ನಿನಗೆ ಹಾಕಿದ್ದು ಅಯೋಡಿನ್ ಇರುವ ಕಾಂಟ್ರಾಸ್ಟ್. ಅದು ಹುಟ್ಟಿನಿಂದ ಬಂದ ವಂಶವಾಹಿಯ ಅಕ್ಷರಗಳನ್ನು ತಿದ್ದಿಬಿಡುವುದಿಲ್ಲ. ಪರೀಕ್ಷೆಗೆ ಬೇಕಾದ ಡಿಎನ್‌ಎ ಬಿಳಿ ರಕ್ತಕಣಗಳ ಒಳಗಿರುತ್ತದೆ, ಔಷಧ ಕಣಗಳ ಹೊರಗಿನ ದ್ರವದಲ್ಲಿರುತ್ತದೆ, ಡಿಎನ್‌ಎ ಬೇರ್ಪಡಿಸುವಾಗ ಆ ದ್ರವವೆಲ್ಲ ತೊಳೆದುಹೋಗುತ್ತದೆ. ಮೂತ್ರಪಿಂಡ ಚೆನ್ನಾಗಿದ್ದರೆ ಒಂದು ದಿನದಲ್ಲಿ ಔಷಧದ ಬಹುಪಾಲು ಮೂತ್ರದಲ್ಲೇ ಹೊರಬೀಳುವುದರಿಂದ, ಪ್ರಯೋಗಾಲಯದವರು ಒಪ್ಪಿದರೆ ನಾಡಿದ್ದು ಕೊಟ್ಟರೆ ನಿನ್ನ ಮನಸ್ಸಿಗೂ ನೆಮ್ಮದಿ. ರಕ್ತವನ್ನು ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಕೊಳವೆಗೆ ತುಂಬುತ್ತಾರೋ ನೋಡಿಕೋ, ಹಸಿರು ಮುಚ್ಚಳದ್ದರಲ್ಲಿ ಅದೇ ಕೆಲಸಕ್ಕಿರುವ ಹೆಪಾರಿನ್, ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್‌ಗೆ ತೊಡಕು. ಇತ್ತೀಚೆಗೆ ಬೇರೆಯವರ ರಕ್ತ ಏರಿಸಿದ್ದರೆ ಅದನ್ನಂತೂ ಹೇಳಲೇಬೇಕು, ಏಕೆಂದರೆ ದಾನಿಯ ಬಿಳಿಕಣಗಳು ಬೆರೆತಿರಬಹುದು. ಜೊತೆಗೆ ಥೈರಾಯ್ಡ್ ಪರೀಕ್ಷೆಯನ್ನೂ ಬರೆದಿದ್ದರೆ ಅದನ್ನು ಯಾವಾಗ ಮಾಡಿಸಬೇಕೆಂದು ವೈದ್ಯರನ್ನು ಕೇಳು, ಅಯೋಡಿನ್ ಅದನ್ನು ವಾರಗಟ್ಟಲೆ ಏರುಪೇರು ಮಾಡಬಲ್ಲದು. ಸ್ಕ್ಯಾನ್ ಚೀಟಿಯ ಫೋಟೋ ತೆಗೆದು ಈಗಲೇ ನನಗೆ ಕಳಿಸು, ಔಷಧದ ಹೆಸರನ್ನೂ ಗಂಟೆಯನ್ನೂ ನಾನೇ ಒಂದು ಹಾಳೆಯ ಮೇಲೆ ಬರೆದು ಕೊಡುತ್ತೇನೆ.