2400 ಉದ್ದದ ಯು ಚಾನೆಲ್: ನಡುವೆ ಬಾಯಿ ಬಿಡ್ತಿದೆ, ಬೇಸ್ ಕೂಡ ಕಮ್ಮಿ

ಪ್ರಶ್ನೆ
2 ಎಂಎಂ ಸಿಆರ್‌ಸಿಎ (ಕೋಲ್ಡ್ ರೋಲ್ ಮಾಡಿ ಹದಗೊಳಿಸಿದ ಉಕ್ಕು) ಶೀಟು. ಹೊರ ಅಳತೆ 40-100-40 (ಎರಡು ಕಡೆಯ ಫ್ಲ್ಯಾಂಜ್ 40, ನಡುವಿನ ಬೇಸ್ 100). ಮಷೀನು 80 ಟನ್ನಿನ ಹೈಡ್ರಾಲಿಕ್ ಪ್ರೆಸ್ ಬ್ರೇಕ್ (ಶೀಟು ಬೆಂಡ್ ಮಾಡೋದು), ಬೆಡ್ 2500, ಕ್ರೌನಿಂಗ್ (ಬೆಡ್ ಬಾಗೋದನ್ನು ಸರಿದೂಗಿಸುವ ಏರ್ಪಾಟು) ಇಲ್ಲ. ಡೈ ವಿ-12 (ವಿ ಬಾಯಿಯ ಅಗಲ 12 ಎಂಎಂ). ಒಂದು ಬೆಂಡಿಗೆ ಎರಡು ಥಿಕ್‌ನೆಸ್ ಕಳೆಯುವ ಲೆಕ್ಕದಲ್ಲಿ ಬ್ಲ್ಯಾಂಕ್ (ಬೆಂಡ್ ಮಾಡುವ ಮುಂಚಿನ ಚಪ್ಪಟೆ ಶೀಟು) 172 ಅಗಲಕ್ಕೆ ಕಟ್ ಆಗಿದೆ. ತುದಿಗಳಲ್ಲಿ 90 ಡಿಗ್ರಿ ಬಂದರೆ ನಡುವೆ 92. ಇನ್ನೂ ಕೆಳಗೆ ಒತ್ತಿದರೆ ನಡು 90ಕ್ಕೆ ಬರುತ್ತೆ, ತುದಿ 88ಕ್ಕೆ ಹೋಗುತ್ತೆ. ಫ್ಲ್ಯಾಂಜ್ ಎರಡೂ ಸರಿ, ಬೇಸ್ ಮಾತ್ರ 99. ಏನು ಮಾಡೋದು?

ಉತ್ತರ 1
ಇವು ಎರಡು ಬೇರೆ ಬೇರೆ ತೊಂದರೆ, ಒಂದಕ್ಕೊಂದು ಗಂಟು ಹಾಕಬೇಡಿ.

ಬೇಸ್ ಕಮ್ಮಿ ಬರೋದು ಬ್ಲ್ಯಾಂಕಿನ ಲೆಕ್ಕದಿಂದ. ವಿ-12ರಲ್ಲಿ ಒಳ ರೇಡಿಯಸ್ ಸುಮಾರು 2 ಬರುತ್ತೆ (ವಿ ಅಗಲದ ಆರನೇ ಒಂದು ಭಾಗ). ಆಗ ಒಂದು ಬೆಂಡಿಗೆ ಕಳೆಯಬೇಕಾದ್ದು 3.5, ನೀವು ಕಳೆದದ್ದು 4. ಬ್ಯಾಕ್ ಗೇಜ್ (ಶೀಟಿನ ಅಂಚು ತಾಗಿ ನಿಲ್ಲುವ ಹಿಂಬದಿಯ ತಡೆ) ಎರಡು ಕಡೆಯ ಫ್ಲ್ಯಾಂಜನ್ನೂ ಸರಿಯಾಗಿ ಹಿಡಿಯುವುದರಿಂದ ಕೊರತೆಯೆಲ್ಲ ಬೇಸಿನ ತಲೆಗೆ. ಬ್ಲ್ಯಾಂಕ್ 173 ಮಾಡಿ. ಪುಸ್ತಕದ ಲೆಕ್ಕ ನಂಬದಿದ್ದರೆ ಅದೇ ಶೀಟಿನಿಂದ ಸರಿಯಾಗಿ 100 ಎಂಎಂ ಪಟ್ಟಿ ಕಟ್ ಮಾಡಿ, ನಡುವೆ 90ಕ್ಕೆ ಬೆಂಡ್ ಮಾಡಿ, ಎರಡೂ ಕಾಲಿನ ಹೊರ ಅಳತೆ ಕೂಡಿಸಿ. ನೂರರ ಮೇಲೆ ಎಷ್ಟು ಬಂತೋ ಅಷ್ಟೇ ಕಳೆಯಬೇಕು.

ಕೋನಕ್ಕೆ ಮೊದಲು ವಿ-16 ಹಾಕಿ ನೋಡಿ. ಈ ಉದ್ದಕ್ಕೆ ವಿ-12ರಲ್ಲಿ ಸುಮಾರು 53 ಟನ್ ಬೇಕು, ವಿ-16ರಲ್ಲಿ 40 ಸಾಕು. ಲೋಡ್ ಇಳಿದಷ್ಟೂ ಬೆಡ್ ಬಾಗೋದು ಕಮ್ಮಿ. ಆದರೆ ಆಗ ಬ್ಲ್ಯಾಂಕ್ 172.4.

ಉತ್ತರ 2
ಡೈ ಬದಲಿಸುವ ಮುಂಚೆ ಸವೆತ ಇದೆಯಾ ನೋಡಿ. ಸಣ್ಣ ಕೆಲಸವೆಲ್ಲ ನಡುವೆಯೇ ಮಾಡೋದರಿಂದ ಡೈ ಭುಜ (ವಿ ಬಾಯಿಯ ಅಂಚು) ಅಲ್ಲೇ ತಿಂದುಹೋಗಿರುತ್ತೆ. 100 ಎಂಎಂ ಉದ್ದದ ಮೂರು ತುಂಡು ಎಡಕ್ಕೆ, ನಡುವೆ, ಬಲಕ್ಕೆ ಇಟ್ಟು ಒಂದೇ ಏಟಿಗೆ ಬೆಂಡ್ ಮಾಡಿ. ಏಳು ಟನ್ನಿನೊಳಗೆ ಮುಗಿಯುತ್ತೆ, ಅಷ್ಟಕ್ಕೆ ಬೆಡ್ ಹೆಚ್ಚು ಬಾಗಲ್ಲ. ಆಗಲೂ ನಡುವಿನ ತುಂಡು 92 ತೋರಿಸಿದರೆ ತಪ್ಪು ಟೂಲಿನದು, ಶಿಮ್ (ಡೈ ಕೆಳಗೆ ಇಡುವ ತೆಳು ಪಟ್ಟಿ) ಹಾಕಿ ಮುಚ್ಚಬೇಡಿ.

ಮೂರೂ 90 ಬಂದರೆ ಶಿಮ್ಮೇ ದಾರಿ. ವಿ-12ರಲ್ಲಿ ಒಂದು ಡಿಗ್ರಿಗೆ ಸುಮಾರು 0.1 ಎಂಎಂ ಆಳ. ಹಾಗಾಗಿ ನಡುವೆ 0.2 ಸಾಕು. 0.05ರ ಬ್ರಾಸ್ ಶಿಮ್ ಪಟ್ಟಿ ನಾಲ್ಕು: 1600, 1200, 800, 400 ಉದ್ದ, ಎಲ್ಲವೂ ಬೆಡ್ಡಿನ ನಡುಮಧ್ಯಕ್ಕೆ ಸರಿಯಾಗಿ, ಒಂದರ ಮೇಲೊಂದು, ಡೈ ತಳಕ್ಕೂ ಬೆಡ್ಡಿಗೂ ನಡುವೆ. ಒಂದೇ ದಪ್ಪ ತುಂಡು ತುರುಕಿದರೆ ಅದರ ಅಂಚಿನ ಜಾಗದಲ್ಲಿ ಚಾನೆಲ್ ಮೇಲೆ ಮೆಟ್ಟಿಲು ಕಾಣುತ್ತೆ. ಡೈ ತಳದ ಸ್ಕೇಲು, ಎಣ್ಣೆ ಒರೆಸಿ. ಮಷೀನ್ ಆಫ್ ಮಾಡದೆ ಕೈ ಹಾಕಬೇಡಿ. ಈ ಜಾಬ್ ಮುಗಿದ ತಕ್ಷಣ ಶಿಮ್ ತೆಗೀರಿ.

ಪ್ರಶ್ನೆ ಕೇಳಿದವರು
ಫ್ಲ್ಯಾಂಜಿನಲ್ಲಿ 6 ಎಂಎಂ ಹೋಲ್‌ಗಳಿವೆ, ಬ್ಲ್ಯಾಂಕಿನಲ್ಲೇ ಲೇಸರ್ ಆಗಿವೆ. ಹೋಲಿನ ಅಂಚಿಂದ ಬೆಂಡ್ ಲೈನಿಗೆ 7 ಇದೆ. ವಿ-16 ಆಗುತ್ತಾ?

ಉತ್ತರ 1
ಆಗಲ್ಲ. ವಿ-16ರ ಅರ್ಧ 8, ಹೋಲ್ ಡೈ ಬಾಯಿಯೊಳಗೆ ಬಿದ್ದು ಮೊಟ್ಟೆಯಾಗುತ್ತೆ. ವಿ-12ರ ಅರ್ಧ 6, ಒಂದು ಎಂಎಂ ಉಳಿಯುತ್ತೆ. ಹಾಗಾದರೆ ವಿ-12 ಇಟ್ಟುಕೊಂಡು ಶಿಮ್ ಹಾಕಿ. ಬ್ಲ್ಯಾಂಕ್ 1 ಎಂಎಂ ದೊಡ್ಡದು ಮಾಡುವಾಗ ಆ ಒಂದು ಎಂಎಂ ಬೇಸಿಗೇ ಸೇರಲಿ. ಹೋಲ್‌ಗಳಿಗೂ ಫ್ಲ್ಯಾಂಜ್ ಅಂಚಿಗೂ ಇರುವ ಅಂತರ ಬದಲಾಗಬಾರದು ಅಂತ ಲೇಸರ್‌ನವರಿಗೆ ಡ್ರಾಯಿಂಗಿನಲ್ಲೇ ಬರೆದುಕೊಡಿ.