ಸೋರಾ ಡಿರೇಲರ್‌ಗೆ ಡಿಯೋರ್ 10-ಸ್ಪೀಡ್ ಶಿಫ್ಟರ್ ಹೊಂದುತ್ತಾ?

ಪ್ರಶ್ನೆ: ಹಳೇ ರೋಡ್ ಬೈಕನ್ನು (ಸೈಕಲ್) ಫ್ಲಾಟ್ ಬಾರ್ (ನೇರ ಹ್ಯಾಂಡಲ್) ಮಾಡ್ತಿದೀನಿ. ಹಿಂದೆ ಶಿಮಾನೊ ಸೋರಾ ಆರ್3000 ಡಿರೇಲರ್ (ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸೋ ಭಾಗ; 9-ಸ್ಪೀಡ್, ಉದ್ದ ಕೇಜ್), ಬ್ರೇಕ್ ಕ್ಯಾಲಿಪರ್. ಶಿಮಾನೊದ್ದೇ ಎಂಟಿಬಿ (ಮೌಂಟನ್ ಬೈಕ್) ಸರಣಿ ಡಿಯೋರ್‌ನ 10-ಸ್ಪೀಡ್ ಶಿಫ್ಟರ್ (ಗೇರ್ ಬದಲಿಸೋ ಲಿವರ್) ಕಡಿಮೆಗೆ ಸಿಗ್ತಿದೆ. 10-ಸ್ಪೀಡ್ ಕ್ಯಾಸೆಟ್ (ಹಿಂದಿನ ಗೇರ್ ಚಕ್ರಗಳ ಗುಂಪು) ಹಾಕಿದ್ರೆ ನಡೆಯುತ್ತಾ?

ಉತ್ತರ 1: ನಡೆಯಲ್ಲ. ಗೇರ್ ಎಷ್ಟು ಅನ್ನೋದಕ್ಕಿಂತ ಶಿಫ್ಟರ್ ಎಷ್ಟು ಕೇಬಲ್ ಎಳೆಯುತ್ತೆ ಅನ್ನೋದೇ ಮುಖ್ಯ. ಡಿಯೋರ್ 10 ಒಂದು ಕ್ಲಿಕ್ಕಿಗೆ ಸುಮಾರು 3.4 ಮಿ.ಮೀ. ಎಳೆಯುತ್ತೆ. ಸೋರಾ ಡಿರೇಲರ್ ಅದನ್ನು 1.7 ಪಟ್ಟು ಮಾಡಿ ಹೆಚ್ಚುಕಮ್ಮಿ 5.8 ಮಿ.ಮೀ. ಸರಿಯುತ್ತೆ. 10-ಸ್ಪೀಡ್ ಕ್ಯಾಸೆಟ್‌ಗೆ ಬೇಕಾಗಿರೋದು 4 ಮಿ.ಮೀ. ಅಷ್ಟೇ. ಬ್ಯಾರಲ್ ಅಡ್ಜಸ್ಟರ್ (ಕೇಬಲ್ ಬಿಗಿತ ಹೊಂದಿಸೋ ತಿರುಪು) ಎಷ್ಟು ತಿರುಗಿಸಿದ್ರೂ ಸರಿಹೋಗಲ್ಲ, ಅದು ಶುರುವಿನ ಜಾಗವನ್ನಷ್ಟೇ ಬದಲಿಸುತ್ತೆ. 9-ಸ್ಪೀಡಲ್ಲೇ ಇರಿ. ಶಿಮಾನೊ 9-ಸ್ಪೀಡಲ್ಲಿ ರೋಡ್, ಎಂಟಿಬಿ ಎರಡರ ಹಿಂದಿನ ಎಳೆತವೂ ಒಂದೇ, ಹಾಗಾಗಿ ಆಲ್ಟಸ್ ಎಂ2010 ಬಲಗಡೆ ಶಿಫ್ಟರ್ ಸಾಕು. ಕ್ಯಾಸೆಟ್ 34 ಹಲ್ಲು ಮೀರದಿರಲಿ.

ಉತ್ತರ 2: ಮೇಲಿನದು ಸರಿ, ಆದ್ರೆ ಎಡಗಡೆ ಶಿಫ್ಟರ್ ಆಲ್ಟಸ್ ತಗೋಬೇಡಿ. ಮುಂದಿನ ಡಿರೇಲರ್‌ಗೆ ರೋಡ್ ಎಳೆತ ಎಂಟಿಬಿಗಿಂತ ಬೇರೆ. ಸೋರಾದ್ದೇ ಫ್ಲಾಟ್ ಬಾರ್ ಶಿಫ್ಟರ್ ಎಸ್ಎಲ್-ಆರ್3000 ಇದೆ. ಇಲ್ಲಾಂದ್ರೆ ಮುಂದೆ ಒಂದೇ ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲಿನ ಚಕ್ರ) ಇಟ್ಟು ತಲೆನೋವು ಕಳಕೊಳ್ಳಿ.

ಬ್ರೇಕ್ ಲಿವರ್ ಕೂಡ ನೋಡಿ. ಹೆಚ್ಚು ಕೇಬಲ್ ಎಳೆಯೋ ವಿ-ಬ್ರೇಕ್ ಲಿವರನ್ನು ಕ್ಯಾಲಿಪರ್‌ಗೆ ಕಟ್ಟಿದ್ರೆ ಲಿವರ್ ಕಲ್ಲಿನ ಹಾಗೆ ಗಟ್ಟಿ, ಹಿಡಿತ ಮಾತ್ರ ಕಮ್ಮಿ. ಕ್ಯಾಲಿಪರ್‌ಗೆಂದೇ ಇರೋ ಶಾರ್ಟ್ ಪುಲ್ (ಕಡಿಮೆ ಕೇಬಲ್ ಎಳೆಯೋ) ಲಿವರ್ ಕೇಳಿ ತಗೊಳ್ಳಿ.

ಪ್ರಶ್ನೆ ಕೇಳಿದವರು: ಹಿಂದಿನ ಚಕ್ರದ ಹಬ್ (ನಡುಭಾಗ) 11-ಸ್ಪೀಡ್ ರೋಡ್‌ದು. 9-ಸ್ಪೀಡ್ ಕ್ಯಾಸೆಟ್ ಕೂರುತ್ತಾ?

ಉತ್ತರ 1: ಕೂರುತ್ತೆ. ಕ್ಯಾಸೆಟ್ ಹಿಂದೆ 1.85 ಮಿ.ಮೀ. ಸ್ಪೇಸರ್ (ತೆಳು ಉಂಗುರ) ಮೊದಲು ಹಾಕಿ. ಮರೆತರೆ ಕ್ಯಾಸೆಟ್ ಹಿಡಿದಿಡೋ ಲಾಕ್‌ರಿಂಗ್ ಬಿಗಿಯಾದ್ರೂ ಕ್ಯಾಸೆಟ್ ಅಲ್ಲಾಡುತ್ತೆ.