ಫಾರ್ಮಕಾಲಜಿ ತಲೆಗೆ ಹತ್ತುತ್ತಿಲ್ಲ, ಹೇಗೆ ಓದಲಿ?

ಕಲಬುರಗಿ_ಟು_ಪುಣೆ
ಪುಣೆಯಲ್ಲಿ ಬಿ.ಎಸ್ಸಿ. ನರ್ಸಿಂಗ್ 3ನೇ ಸೆಮಿಸ್ಟರ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಇಲ್ಲಿ ಪಾಠ ಅರ್ಧ ಇಂಗ್ಲಿಷು, ಅರ್ಧ ಮರಾಠಿ. ಔಷಧಿಗಳ ಚಾರ್ಟನ್ನು ಹಾಸ್ಟೆಲ್ ಗೋಡೆಗೆ ಅಂಟಿಸಿ ಎರಡು ವಾರ ಆಯ್ತು. ರಾತ್ರಿ ಗಟ್ಟಿ ಬಾಯಿಪಾಠ ಬರುತ್ತದೆ, ಬೆಳಿಗ್ಗೆ ವಾರ್ಡಿನಲ್ಲಿ ಟೆಲ್ಮಿಸಾರ್ಟನ್ ಯಾವ ಗ್ರೂಪು ಅಂತ ಕೇಳಿದರೆ ಬಾಯೇ ಬಿಡಲ್ಲ. ಬಿಪಿ ಒಂದಕ್ಕೇ ಇಷ್ಟೊಂದು ಮಾತ್ರೆ ಯಾಕೆ?

ಡೊಂಬಿವಲಿ_ಸಿಸ್ಟರ್
ಮೊದಲು ಆ ಚಾರ್ಟ್ ಕಿತ್ತು ಹಾಕು ತಂಗಿ. ಕಂಪನಿ ಇಟ್ಟ ಹೆಸರು ಬಿಡು, ಸ್ಟ್ರಿಪ್ ಮೇಲಿನ ಮೂಲ ಹೆಸರು ಓದಿ ಅದರ ಬಾಲ ಹಿಡಿ. ಅಟೆನೊಲಾಲ್, ಮೆಟೊಪ್ರೊಲಾಲ್ ಬೀಟಾ ಬ್ಲಾಕರ್, ಹೃದಯದ ಬಡಿತ ನಿಧಾನ ಮಾಡುತ್ತವೆ. ‘ಡಿಪಿನ್’ ಅಂತ ಮುಗಿದರೆ, ಅಂದ್ರೆ ಆಮ್ಲೋಡಿಪಿನ್ ಥರದ್ದು, ರಕ್ತನಾಳ ಸಡಿಲ ಮಾಡುತ್ತದೆ. ‘ಪ್ರಿಲ್’, ರಕ್ತನಾಳ ಬಿಗಿ ಮಾಡುವ ಆಂಜಿಯೊಟೆನ್ಸಿನ್ 2 ಅನ್ನೋ ಹಾರ್ಮೋನು ತಯಾರಾಗುವುದನ್ನೇ ತಡೆಯುತ್ತದೆ. ನಿನ್ನ ‘ಸಾರ್ಟನ್’ ಅದನ್ನು ತಯಾರಾಗಲು ಬಿಡುತ್ತದೆ, ಆದರೆ ರಿಸೆಪ್ಟರ್ ಮೇಲೆ, ಅಂದ್ರೆ ಅದು ಅಂಟಿಕೊಂಡು ಕೆಲಸ ಮಾಡುವ ಜಾಗದಲ್ಲಿ, ಕೂರಲು ಬಿಡಲ್ಲ. ಇಳಿಯುವುದು ಬಿಪಿಯೇ, ದಾರಿ ಬೇರೆ ಬೇರೆ. ನಮ್ಮಲ್ಲಿ ಒಬ್ಬ ಅಜ್ಜ ಒಣ ಕೆಮ್ಮು ಅಂತ ವಾರಗಟ್ಟಲೆ ಸಿರಪ್ ಕುಡಿದಿದ್ದರು, ಚೀಟಿ ನೋಡಿದರೆ ರಾಮಿಪ್ರಿಲ್! ಆ ಗ್ರೂಪಿನಿಂದ ಮೈಯಲ್ಲಿ ಬ್ರಾಡಿಕೈನಿನ್ ಅನ್ನೋ ರಾಸಾಯನಿಕ ಜಾಸ್ತಿಯಾಗಿ ಕೆಲವರಿಗೆ ಕೆಮ್ಮು ಬರುತ್ತದೆ. ಡಾಕ್ಟರು ಸಾರ್ಟನ್‌ಗೆ ಬದಲಾಯಿಸಿದರು, ಕೆಮ್ಮು ನಿಂತಿತು. ಅವತ್ತಿನಿಂದ ಈ ಎರಡು ಗ್ರೂಪು ನಾನು ಮರೆತಿಲ್ಲ.

ವಾಸ್ಕೋ_ನೈಟ್_ಡ್ಯೂಟಿ
ಅಕ್ಕ ಹೇಳಿದ್ದು ಸರಿ, ಆದರೆ ಬಾಲ ನೋಡಿ ಕಣ್ಣು ಮುಚ್ಚಿ ನಂಬಬೇಡಿ. ಅಟೊರ್ವಾಸ್ಟಾಟಿನ್ ಕೊಲೆಸ್ಟ್ರಾಲಿಗೆ, ನಿಸ್ಟಾಟಿನ್ ಫಂಗಸ್‌ಗೆ. ಪ್ಯಾಂಟೊಪ್ರಜೋಲ್ ಆಸಿಡಿಟಿಗೆ, ಅರಿಪಿಪ್ರಜೋಲ್ ಮನೋರೋಗಕ್ಕೆ. ವೈವಾದಲ್ಲಿ ಬೇಕಂತಲೇ ಕೇಳುತ್ತಾರೆ.

ಇನ್ನೊಂದು, ಗ್ರೂಪು ಗೊತ್ತಿದ್ದರೂ ಕೈ ತಪ್ಪುತ್ತದೆ. ನಾನು ಸ್ಟೂಡೆಂಟ್ ಆಗಿದ್ದಾಗ ಎಂಎಲ್‌ಗೆ 40 ಯುನಿಟ್ ಇರುವ ಬಾಟಲಿಯ ಇನ್ಸುಲಿನ್ನನ್ನು, ಎಂಎಲ್‌ಗೆ 100 ಯುನಿಟ್ ಲೆಕ್ಕದ ಸಿರಿಂಜಿನಲ್ಲಿ 10ರ ಗೆರೆಗೆ ಎಳೆದಿದ್ದೆ. ಅಲ್ಲಿಗೆ ಬಂದಿದ್ದು 0.1 ಎಂಎಲ್, ಅಂದ್ರೆ ಬರೀ 4 ಯುನಿಟ್. ಸೀನಿಯರ್ ಸಿಸ್ಟರ್ ಸಿರಿಂಜಿನ ಕಿತ್ತಳೆ ಮುಚ್ಚಳ ನೋಡಿ ಕೈ ಹಿಡಿದುಕೊಂಡರು. 40ರದ್ದಕ್ಕೆ ಕೆಂಪು ಮುಚ್ಚಳ. ಆಮೇಲೆ ಬೈದಿದ್ದು ಇಡೀ ವಾರ್ಡಿಗೆ ಕೇಳಿಸಿತು, ಬಿಡಿ.

ಕಲಬುರಗಿ_ಟು_ಪುಣೆ
ಅಯ್ಯೋ, ಮುಚ್ಚಳದ ಬಣ್ಣ ನಾನು ನೋಡಿಯೇ ಇರಲಿಲ್ಲ. ಮೆಟೊಪ್ರೊಲಾಲ್ ಕೊಡುವ ಮುಂಚೆ ಬಿಪಿ ನೋಡಿದರೆ ಸಾಕಲ್ವಾ?

ಡೊಂಬಿವಲಿ_ಸಿಸ್ಟರ್
ಸಾಲದು. ನಾಡಿಯನ್ನು ಪೂರ್ತಿ 1 ನಿಮಿಷ ಎಣಿಸು, 60ಕ್ಕಿಂತ ಕಡಿಮೆ ಇದ್ದರೆ ಕೊಡಬೇಡ, ಡಾಕ್ಟರಿಗೆ ಹೇಳು. ಅಸ್ತಮಾ ಇದೆಯಾ ಅಂತಲೂ ಕೇಳು, ಈ ಮಾತ್ರೆಯಿಂದ ಉಸಿರು ಕಟ್ಟಬಹುದು. ಬಡಿತಕ್ಕೆ ಕೈ ಹಾಕುವ ಮಾತ್ರೆ ಅಂತ ಮೇಲೆ ಓದಿದೆಯಲ್ಲ, ಈಗ ಹೇಳು ನೋಡೋಣ, ನಾಡಿ ಯಾಕೆ?

ಕಲಬುರಗಿ_ಟು_ಪುಣೆ
ಆಗಲೇ ನಿಧಾನ ಇರೋದು ಇನ್ನೂ ನಿಧಾನ ಆಗುತ್ತೆ ಅಂತ! ಚಾರ್ಟ್ ಕಿತ್ತೆ ಅಕ್ಕ, ಗೋಡೆ ಬಣ್ಣವೂ ಜೊತೆಗೆ ಬಂತು.